ಗಿಡ ಹಚ್ಚಿದಾಂವ ನಾನು, ಪರವಾನಗಿ ಯಾಕ್ರಿ?

ಚಿಂಚೋಳಿ ಸಂತೆಯಲ್ಲಿ, ಮದುವೆ ಮನೆಯಲ್ಲಿ, ಕಲಬುರಗಿ ಬಸ್ಸಿನಲ್ಲಿ, ಎಲ್ಲಿ ಕೂತರೂ ನನಗೆ ಬರುವ ಪ್ರಶ್ನೆ ಒಂದೇ. ‘ಹೊಲ ನಂದು. ಬದುವಿನ ಮ್ಯಾಲ ಸಾಗುವಾನಿ ಹಚ್ಚಿ ನೀರು ಹಾಕಿದಾಂವ ನಾನು. ಕಡೀಲಾಕ ಸರ್ಕಾರಕ್ಕ ಯಾಕ ಕೇಳಬೇಕ್ರಿ?’

ಇವತ್ತಿನ ಮಟ್ಟಿಗೆ ಕೇಳಲೇಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್, ಸುಬಾಬುಲ್ ಇಂಥವಕ್ಕೆ ವಿನಾಯಿತಿ ಇದೆ, ಸಾಗುವಾನಿಗೆ ಇಲ್ಲ. ಹೀಗೇ ಇರಬೇಕೇ ಎಂದರೆ, ತಾನಾಗಿ ಬೆಳೆದ ಹಳೇ ಮರಕ್ಕೆ ಇರಲಿ, ರೈತ ಹಚ್ಚಿದ್ದಕ್ಕೆ ಬೇಡ ಅನ್ನುವವನು ನಾನು.

ಯಾಕೆಂದರೆ ಗಂಧದ ಕಥೆ ನೋಡಿದ್ದೇನೆ. ಹಕ್ಕಿ ಹಿಕ್ಕೆಯಿಂದ ನಮ್ಮ ಬದುವಿನಲ್ಲಿ ಒಂದು ಗಂಧದ ಸಸಿ ಎದ್ದಿತ್ತು, ಮೊಣಕಾಲೆತ್ತರ. ಅಪ್ಪ ಅತ್ತಿತ್ತ ನೋಡಿ, ಬೇರುಸಹಿತ ಕಿತ್ತು, ತೊಗರಿ ಕಟ್ಟಿಗೆಯ ಜೊತೆ ಒಲೆಗೆ ಹಾಕಿದ. ಆಗ ಹೊಲದಲ್ಲಿ ಹುಟ್ಟಿದರೂ ಗಂಧ ಸರ್ಕಾರದ್ದು, ಕಾಯುವ ಹೊಣೆ ಮಾತ್ರ ಹೊಲದವನದು. 2001ರ ತಿದ್ದುಪಡಿ ಬಂದ ಮೇಲೆಯೇ ಮರ ಹೊಲದ ಒಡೆಯನದಾಯಿತು. ಈಗ ಅದೇ ಊರಲ್ಲಿ ಜನ ದುಡ್ಡು ಕೊಟ್ಟು ಗಂಧದ ಸಸಿ ತರುತ್ತಾರೆ. ಬಿದಿರಿಗೂ ಇಂಥದೇ ಕಟ್ಟುಪಾಡಿತ್ತು, ಅದನ್ನು ಕೇಂದ್ರದ 1927ರ ಅರಣ್ಯ ಕಾಯ್ದೆ 2017ರ ತನಕ ಮರವೆಂದೇ ಎಣಿಸುತ್ತಿತ್ತು.

‘ಹಂಗಂದ್ರ ಅಡವಿನೂ ಬೋಳಾಗತದಲ್ಲ’ ಅಂತ ಹಿರಿಯರು ಹೆದರುತ್ತಾರೆ. ಅಡವಿಯ ಮಾತೇ ಬೇರೆ. 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಆದೇಶದಲ್ಲಿ ಸುಪ್ರೀಂ ಕೋರ್ಟು, ಕೇಂದ್ರ ಒಪ್ಪಿದ ಕಾರ್ಯಯೋಜನೆ (ಕಾಡನ್ನು ಹೇಗೆ ನಿರ್ವಹಿಸಬೇಕೆಂಬ ಲಿಖಿತ ಯೋಜನೆ) ಇಲ್ಲದೆ ಕಾಡಿನ ಮರ ಕಡಿಯುವುದನ್ನು ನಿಲ್ಲಿಸಿತು. ನಮ್ಮ ಕುಂಚಾವರಂ ಕಾಡು 2011ರಿಂದ ಚಿಂಚೋಳಿ ವನ್ಯಜೀವಿಧಾಮ, 134.88 ಚದರ ಕಿಲೋಮೀಟರ್. ಅಲ್ಲಿಯ ಒಂದು ಟೊಂಗೆಗೂ ಸಡಿಲಿಕೆ ಬೇಡ.

ಹಳೇ ಮರದ ಮೇಲೂ ನನಗೆ ಅಷ್ಟೇ ಜೀವ. ಪಕ್ಕದ ಹೊಲದ ಆಲದ ಗಿಡವನ್ನು ಜೆಸಿಬಿಯಿಂದ ಕೆಡವಿದ ಮೇಲೆ, ಕಸ ತೆಗೆಯಲು ಬರುವ ಹೆಣ್ಣುಮಕ್ಕಳು ಟ್ರ್ಯಾಕ್ಟರ್ ಟ್ರಾಲಿ ಕೆಳಗೆ ಕೂತು ಬುತ್ತಿ ಬಿಚ್ಚುತ್ತಾರೆ. ನಮ್ಮ ಬಿಸಿಲಿಗೆ ಆ ನೆರಳು ಎಲ್ಲಿ ಸಾಲೀತು?

ಹಚ್ಚಿದ ವರ್ಷವೇ ಗಿಡಗಳನ್ನು ಪಹಣಿಯಲ್ಲಿ ಬರೆಸಬೇಕು, ಕಡಿಯುವಾಗ ಆ ದಾಖಲೆಯೇ ಪರವಾನಗಿಯಾಗಬೇಕು. ನಾನು ಬೇಡುವುದು ಇಷ್ಟೇ. ಅದು ಬರುವವರೆಗೆ, ‘ಪರವಾನಗಿ ನಾವ್ ನೋಡ್ಕೋತೀವಿ’ ಅನ್ನುವ ಕಟ್ಟಿಗೆ ವ್ಯಾಪಾರಿಯನ್ನು ನಂಬಬೇಡಿ. ಕಾಗದಪತ್ರ ಇಲ್ಲದ ಲಾರಿ ಸಿಕ್ಕಿಬಿದ್ದರೆ ಅಲೆದಾಟ ನಿಮಗೂ ತಪ್ಪಲ್ಲ.