ಸಾರ್ ಮತ್ತೆ ಒಂದು ಗರಗಸ

ಸಾರ್ ಹೋಗ್ಬಿಟ್ರು ಅಂತ ಬೆಳಿಗ್ಗೆ ಆರಕ್ಕೇ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂತು, ಎರಡು ತಿಂಗಳಿಂದ ಅಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ರೆ ಬೇರೇನೂ ಬಂದಿರ್ಲಿಲ್ಲ. ಮ್ಯಾಗಜೀನಿಗೆ ಏನಾದ್ರೂ ಬರ್ಕೊಡಮ್ಮ ಅಂತ ಕಾಲೇಜಿಂದ ಫೋನ್ ಬಂದಾಗ ಟೀಚರ್ ಟ್ರೈನಿಂಗ್ ಅಂದ್ರೆ ಡಿ.ಇಡಿ ಸಿಲಬಸ್ಸಲ್ಲಿ ಏನು ನೆನಪಿದೆ ಅಂತ ತಲೆ ಕೆರ್ಕೊಂಡೆ. ಮಕ್ಕಳು ಹೇಗೆ ಕಲೀತಾರೆ ಅಂತ ಹೇಳಿದ ಪಿಯಾಜೆ, ವೈಗೋಟ್‌ಸ್ಕಿ ಅಂತ ಪುಟಗಟ್ಲೆ ಬರ್ದಿದ್ವಿ, ಈಗ ಹೆಸರಷ್ಟೇ ಉಳಿದಿರೋದು.

ಸಾರ್ ನಮಗೆ ಕನ್ನಡ ಬೋಧನೆ ತಗೋತಿದ್ರು. ಮೊದಲನೇ ದಿನ ಬೋರ್ಡ್ ಮೇಲೆ ‘ರ ಗ ಸ ದ ಅ’ ಅಂತ ಬರೆದ್ರು. ನಾವು ಕಿಸಕ್ ಅಂದ್ವಿ. “ನಗ್ರಮ್ಮ ನಗ್ರಿ, ಅ ಆ ಇ ಈ ನಾಲ್ಕೂ ಕಲಿತ ಮಗು ಯಾವ ಪದ ಓದುತ್ತೆ ಹೇಳಿ ನೋಡೋಣ” ಅಂದ್ರು. ಯಾರೂ ಉಸಿರೆತ್ತಲಿಲ್ಲ. ಆಮೇಲೆ ಆ ಐದೇ ಅಕ್ಷರದಲ್ಲಿ ಅರಸ, ಅಗಸ, ದಸರ, ಸರಸರ, ಗರಗಸ ಅಂತ ಬೋರ್ಡ್ ತುಂಬಿಸಿದ್ರು. ಇದು ನಲಿ-ಕಲಿ ಕ್ರಮ, ಆಟ-ಚಟುವಟಿಕೆಯಲ್ಲೇ ಮಕ್ಕಳಿಗೆ ಕಲಿಸೋ ಪದ್ಧತಿ. ಅದು 1995ರಲ್ಲಿ ಶುರುವಾಗಿದ್ದು ನಮ್ಮ ಹೆಗ್ಗಡದೇವನಕೋಟೆ ಕಡೇಲೇ ಅನ್ನೋದನ್ನ ತಮ್ಮನೆ ಮದುವೆ ಸುದ್ದಿ ಥರ ಹೇಳೋರು, ಯೂನಿಸೆಫ್ ನೆರವು ಕೊಟ್ಟಿದ್ದು, ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡ್ಕೊಂಡು ಬಂದಿದ್ದು, 2009-10ರಲ್ಲಿ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೋಗಿದ್ದು, ಎಲ್ಲಾ.

ಬೋಧನಾಭ್ಯಾಸಕ್ಕೆ ಮೈಸೂರು ಹತ್ರದ ಒಂದು ಹಳ್ಳಿ ಶಾಲೆಗೆ ಹಾಕಿದ್ರು. ಸಾರ್ ಬಂದು ಹಿಂದೆ ಕೂತು ನೋಡೋ ಪಾಠ ಅಂದ್ರೆ ನಮಗೆ ಜ್ವರ. ನಾನೂ ನನ್ನ ಗೆಳತೀನೂ ಒಂದು ಪ್ಲಾನ್ ಮಾಡಿದ್ವಿ, ಹಿಂದಿನ ದಿನ ಬಿಸಿಯೂಟ ಆದ್ಮೇಲೆ ಮಕ್ಕಳನ್ನ ಕೂರಿಸ್ಕೊಂಡು ಇಡೀ ಪಾಠದ ರಿಹರ್ಸಲ್ ಮಾಡಿಸಿಬಿಟ್ವಿ, ಯಾವ ಪದದ ಕಾರ್ಡಿಗೆ ಯಾರು ಏನು ಹೇಳ್ಬೇಕು ಅನ್ನೋದೂ ಸೇರಿಸಿ, ಒಬ್ಬೊಬ್ರಿಗೂ ಒಂದೊಂದು ಚಾಕ್ಲೇಟ್. ಮರುದಿನ ಪಾಠ ಬೆಣ್ಣೆ ಹಂಗೆ ಹೋಗ್ತಿತ್ತು. (ಆ ಸ್ಕೂಲ್ ಹೆಡ್ ಮಿಸ್ಸೇ ‘ಈ ಹುಡುಗಿ ಹುಟ್ಟಾ ಟೀಚರ್’ ಅಂದಿದ್ರು, ಸುಳ್ಳಲ್ಲ.) ಅಷ್ಟರಲ್ಲಿ ಮುಂದೆ ಚಾಪೆ ಮೇಲಿದ್ದ ಒಬ್ಬ ಹುಡುಗ, ನಾನಿನ್ನೂ ಕಾರ್ಡ್ ಎತ್ತೇ ಇಲ್ಲ, “ಗರಗಸ!” ಅಂತ ಕೂಗ್ದ.

ಸಾರ್ ಎದ್ದು ಬಂದು ಅವನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ್ರು. ಕಾರ್ಡನ್ನ ಬೇಕಂತಲೇ ತಲೆಕೆಳಗು ಮಾಡಿ ಕೈಗೆ ಕೊಟ್ರು. ಅವನು ಬೆರಳಿಟ್ಟು ಗರಗಸ ಅಂತ ಗಟ್ಟಿಯಾಗಿ ಓದ್ದ. ಆಮೇಲೆ ಸರಿಯಾಗಿ ತಿರುಗಿಸಿ ಹಿಂದಿನ ಎರಡಕ್ಷರ ಹೆಬ್ಬೆರಳಲ್ಲಿ ಮುಚ್ಚಿ “ಈಗ?” ಅಂದ್ರು. ‘ಗರ’ ಮಾತ್ರ ಕಾಣ್ತಿತ್ತು, ಅವನು ಆಗಲೂ ಗರಗಸಾನೇ ಅಂದ. ನನಗೆ ನೆಲ ಬಿರಿಯಬಾರದಾ ಅನ್ನಿಸ್ತು. ಸಾರ್ ಬೈಲಿಲ್ಲ. ಅಬ್ಸರ್ವೇಶನ್ ಬುಕ್ಕಲ್ಲಿ ಹಸಿರು ಇಂಕಲ್ಲಿ ‘ನಾಟಕ ಚೆನ್ನಾಗಿತ್ತು. ಪಾಠ ನಾಳೆ ಮಾಡು’ ಅಂತ ಬರೆದು ಸೈನ್ ಹಾಕಿದ್ರು.

ಈಗ ನಮ್ಮಕ್ಕನ ಮಗಳು ಯುಕೆಜಿ, ಫೀಸ್ ಕೇಳಿದ್ರೆ ಎದೆ ಒಡೆಯುತ್ತೆ, ಪುಟ ತಿರುವೋಕೆ ಮುಂಚೇನೇ ಮುಂದಿನ ಪುಟ ಓದ್ತಾಳೆ, ಅಕ್ಕನ ಮನೆಯವರು ವಿಡಿಯೋ ಮಾಡಿ ಸ್ಟೇಟಸ್ ಹಾಕ್ತಾರೆ. ನಾನು ಹೆಬ್ಬೆರಳು ಇಟ್ಟು ತೋರಿಸಿದ್ದಕ್ಕೆ ಅಕ್ಕ ಎರಡು ದಿನ ಮಾತಾಡಿಸ್ಲಿಲ್ಲ. ಟೀಚರ್ ಆಗೋಕೆ ಬೇಕಾದ ಅರ್ಹತಾ ಪರೀಕ್ಷೆ ಟಿಇಟಿ ಪಾಸ್ ಮಾಡ್ಕೊಂಡು ನೇಮಕಾತಿ ನೋಟಿಫಿಕೇಶನ್ ಕಾಯ್ತಾ ಕೂತಿರೋಳ ಮಾತು ಯಾರು ಕೇಳ್ತಾರೆ.

ಆ ಹುಡುಗನ ಜೊತೆ ಮರುದಿನದಿಂದ ರ ಒಂದು, ಗ ಒಂದು, ನೆಲದ ಮೇಲೆ ಹುಣಸೆಬೀಜ ಜೋಡಿಸ್ಕೊಂಡು ಕೂತೆ. ಎಷ್ಟೋ ದಿನ ಏನೂ ಆಗ್ಲಿಲ್ಲ. ಒಂದಿನ ಬಸ್ಸಿಳಿದು ಬರ್ತಾ ಇದೀನಿ, ಸ್ಕೂಲ್ ಕಾಂಪೌಂಡಿಗೆ ಯಾರೋ ದಸರಾ ಪೋಸ್ಟರ್ ಅಂಟಿಸಿದ್ರು, ಅವನು ಅದರ ಮುಂದೆ ನಿಂತಿದ್ದ. ಮೈಸೂರು ಅನ್ನೋದನ್ನ ಬಿಟ್ಟು ಮುಂದಕ್ಕೆ ಬೆರಳಿಟ್ಟು “ದ... ಸ... ರ...” ಅಂತಿದ್ದ, ನನ್ನ ನೋಡಿ ಸಿಟ್ಟಲ್ಲೇ ಕೇಳ್ದ, “ಮಿಸ್, ಈ ರಕ್ಕೆ ಯಾಕೆ ಬಾಲ ಬಂದೈತೆ?” ನಾವಿನ್ನೂ ಇಳಿ ಕಾಗುಣಿತಕ್ಕೆ ಬಂದಿರ್ಲಿಲ್ಲ. ಸಾರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ, ಅವರು ಸ್ನಾನಕ್ಕೆ ಹೋಗಿದ್ರಂತೆ, ಮೇಡಮ್ಮೋರು ಬಾತ್‌ರೂಮ್ ಬಾಗಿಲ ಹತ್ರ ಫೋನ್ ಹಿಡಿದ್ರು. ಒಳಗಿಂದ ನೀರು ಸುರಿಯೋ ಸದ್ದು ನಿಂತು, ಜೋರಾಗಿ ನಗು ಕೇಳಿಸ್ತು.