ಯೋಹಾನನ ಸಮಾಧಿಯಿಂದ ಪತ್ಮೋಸ್‌ಗೆ: ಹೋಗುವವರಿಗೆ ಒಂದಿಷ್ಟು ಮಾಹಿತಿ

ಟರ್ಕಿಗೆ ಹೋದವರು ಎಫೆಸ ಎಂಬ ಪುರಾತನ ನಗರದ ಅವಶೇಷ ನೋಡದೆ ಬರುವುದಿಲ್ಲ. ಆದರೆ ಪಕ್ಕದ ಸೆಲ್ಚುಕ್ ಊರಿನ ಅಯಸುಲುಕ್ ಗುಡ್ಡವನ್ನು ಎಷ್ಟೋ ಜನ ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗಿಬಿಡುತ್ತಾರೆ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಅಪೊಸ್ತಲ ಯೋಹಾನನ ಸಮಾಧಿ ಇರುವುದು ಅಲ್ಲೇ.

ಮೊದಲು ವೀಸಾ ವಿಷಯ ಮುಗಿಸಿಬಿಡೋಣ. ಸಮಾಧಿ ಟರ್ಕಿಯಲ್ಲಿ, ಅವನು ಗಡೀಪಾರಾಗಿದ್ದ ಪತ್ಮೋಸ್ ದ್ವೀಪ ಗ್ರೀಸ್‌ನಲ್ಲಿ. ಗ್ರೀಸ್‌ಗೆ ಬೇಕಾದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಮೊದಲು ಮಾಡಿಸಿ. ಅದು ಕೈಯಲ್ಲಿದ್ದರೆ ಭಾರತದ ಪಾಸ್‌ಪೋರ್ಟಿಗೆ ಟರ್ಕಿಯ ಇ-ವೀಸಾ ಆನ್‌ಲೈನಲ್ಲೇ ಆಗುತ್ತದೆ. ಅದರಲ್ಲಿ ಒಂದೇ ಪ್ರವೇಶ, ಹಾಗಾಗಿ ಟರ್ಕಿ ಪೂರ್ತಿ ಮುಗಿಸಿಯೇ ಸಮುದ್ರ ದಾಟಿ, ಅಥೆನ್ಸ್‌ನಿಂದ ವಾಪಸ್ ಬನ್ನಿ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಸರ್ಕಾರಿ ವೆಬ್‌ಸೈಟ್ ನೋಡಿಕೊಳ್ಳಿ. ಇಜ್ಮಿರ್ ವಿಮಾನ ನಿಲ್ದಾಣದಿಂದ ಸೆಲ್ಚುಕ್‌ಗೆ ರೈಲಿದೆ. ಸುಮ್ನೆ ಟ್ಯಾಕ್ಸಿಗೆ ದುಡ್ಡು ಸುರಿಯಬೇಡಿ.

ಗುಡ್ಡಕ್ಕೆ ಬೆಳಿಗ್ಗೆ ಬೇಗ ಹೋಗಿ, ನೆರಳು ಕಡಿಮೆ. 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಇಲ್ಲಿ ಆರು ಗುಮ್ಮಟಗಳ ದೊಡ್ಡ ಚರ್ಚ್ ಕಟ್ಟಿಸಿದ. ಈಗ ಗುಮ್ಮಟ ಒಂದೂ ಇಲ್ಲ. ಕಂಬಗಳ ತಲೆಯ ಮೇಲೆ ಅವನ ಮತ್ತು ರಾಣಿ ಥಿಯೋಡೋರಾಳ ಹೆಸರಿನ ಅಕ್ಷರಗಳನ್ನು ಹೆಣೆದು ಕೆತ್ತಿದ್ದಾರೆ, ತಲೆಯೆತ್ತಿ ಹುಡುಕಿ. ಸಮಾಧಿ ಅಂದರೆ ನೆಲಕ್ಕೆ ಹಾಸಿದ ಅಮೃತಶಿಲೆ, ನಾಲ್ಕು ಮೂಲೆಗೆ ನಾಲ್ಕು ಚಿಕ್ಕ ಕಂಬ, ಅಷ್ಟೇ. ಯೋಹಾನ ಸತ್ತಿಲ್ಲ, ಒಳಗೆ ಮಲಗಿದ್ದಾನೆ, ಅವನ ಉಸಿರಿಗೆ ಮೇಲಿನ ಮಣ್ಣು ಅಲುಗುತ್ತದೆ ಎಂದು ಹಿಂದಿನವರು ನಂಬಿದ್ದರು. ಆ ಮಣ್ಣು ಒಯ್ಯಲು ಯಾತ್ರಿಕರು ಬರುತ್ತಿದ್ದರಂತೆ.

ಹಾಗಾದರೆ ಅವನು ಎಷ್ಟು ವರ್ಷ ಬದುಕಿದ? ಹುಟ್ಟಿದ ವರ್ಷ ಎಲ್ಲೂ ಬರೆದಿಲ್ಲ. ಗಲಿಲಾಯದ ಮೀನುಗಾರ ಜೆಬೆದಾಯನ ಮಗ. ಯೇಸು ಕರೆದಾಗ ಅಪ್ಪನ ಜೊತೆ ದೋಣಿಯಲ್ಲಿ ಬಲೆ ಸರಿಮಾಡುತ್ತಿದ್ದ, ಅಂದರೆ ಅಪ್ಪ ಇನ್ನೂ ದುಡಿಯುತ್ತಿದ್ದ. ಶಿಷ್ಯರಲ್ಲಿ ಇವನೇ ಚಿಕ್ಕವನು ಅನ್ನುವುದು ಸಂಪ್ರದಾಯದ ಮಾತು. ಅಣ್ಣ ಯಾಕೋಬನನ್ನು ಹೆರೋದ ರಾಜ ಸುಮಾರು ಕ್ರಿ.ಶ. 44ರಲ್ಲಿ ಕೊಲ್ಲಿಸಿದ. ತಮ್ಮ ಮಾತ್ರ ಟ್ರಾಜನ್ ಚಕ್ರವರ್ತಿಯ ಕಾಲದವರೆಗೂ ಎಫೆಸದಲ್ಲಿದ್ದ ಎಂದು ಐರಿನೇಯಸ್ ಎಂಬ ಬಿಷಪ್ ಸುಮಾರು 180ರಲ್ಲಿ ಬರೆದ. ಟ್ರಾಜನ್ ಪಟ್ಟಕ್ಕೆ ಬಂದದ್ದು 98ರಲ್ಲಿ. ಶಿಲುಬೆಯ ಘಟನೆಯಾಗಿ 68ನೇ ವರ್ಷಕ್ಕೆ ತೀರಿಕೊಂಡ ಎನ್ನುತ್ತಾನೆ ಹಳೆಯ ಕ್ರೈಸ್ತ ವಿದ್ವಾಂಸ ಜೆರೋಮ್. ಶಿಲುಬೆಯ ಹೊತ್ತಿಗೆ ಯೋಹಾನನಿಗೆ 18 ಇತ್ತು ಅಂದುಕೊಂಡರೆ 86 ಆಗುತ್ತದೆ, 25 ಅಂದರೆ 93. ನನಗೆ 85ರ ಆಸುಪಾಸು ಸರಿ ಅನ್ನಿಸುತ್ತದೆ. ಎಫೆಸದಲ್ಲಿ ಯೋಹಾನ ಹೆಸರಿನ ಎರಡು ಸಮಾಧಿಗಳಿದ್ದವು ಎಂದು ಹಳೆಯ ಚರ್ಚ್ ಇತಿಹಾಸಕಾರ ಯೂಸೇಬಿಯಸ್ ಬರೆದಿದ್ದಾನೆ. ಹಾಗಾಗಿ ಮುದುಕನಾಗಿ ಇಲ್ಲಿದ್ದವನು ಬೇರೆ ಯೋಹಾನ ಅನ್ನುವ ವಿದ್ವಾಂಸರೂ ಇದ್ದಾರೆ.

ಶನಿವಾರ ಸೆಲ್ಚುಕ್‌ನಲ್ಲಿ ಸಂತೆ. ಸಸ್ಯಾಹಾರಿಗಳಿಗೆ ಅಲ್ಲಿನ ಗೊಜ್ಲೆಮೆ ಸಾಕು, ಪಾಲಕ್ ಅಥವಾ ಆಲೂಗಡ್ಡೆ ತುಂಬಿದ ತೆಳು ರೊಟ್ಟಿ.

ಪತ್ಮೋಸ್‌ನಲ್ಲಿ ವಿಮಾನ ನಿಲ್ದಾಣ ಇಲ್ಲ. ಸೆಲ್ಚುಕ್ ಹತ್ತಿರದ ಬಂದರು ಕುಶಾದಸಿಯಿಂದ ಗ್ರೀಸ್‌ನ ಸಾಮೋಸ್ ದ್ವೀಪಕ್ಕೆ ದೋಣಿ, ಅಲ್ಲಿಂದ ಇನ್ನೊಂದು. ಚಳಿಗಾಲದಲ್ಲಿ ದೋಣಿಗಳು ತುಂಬಾ ಕಡಿಮೆ, ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಸಂಪ್ರದಾಯದ ಪ್ರಕಾರ ಯೋಹಾನ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ದರ್ಶನ ಕಂಡ ಗುಹೆ, ಸ್ಕಾಲಾ ಬಂದರಿನಿಂದ ಮೇಲಿನ ಖೋರಾ ಊರಿಗೆ ಹೋಗುವ ದಾರಿಯಲ್ಲಿದೆ. ಬಸ್ಸಿದೆ, ಹಳೆಯ ಕಲ್ಲುಹಾದಿಯೂ ಇದೆ. ಏರು ಜಾಸ್ತಿ. ರೋಮಿನ ಚಕ್ರವರ್ತಿ ಡೊಮಿಷಿಯನ್ ಆಳ್ವಿಕೆಯ ಕೊನೆಗೆ, ಅಂದರೆ 95ರ ಹೊತ್ತಿಗೆ ಇಲ್ಲಿದ್ದ ಅಂದರೆ ಅವನಿಗೆ 80 ದಾಟಿತ್ತು, ಅಲ್ವಾ? ಗುಹೆಯ ಗೋಡೆಯಲ್ಲಿ ಬೆಳ್ಳಿ ಕಟ್ಟು ಹಾಕಿದ ಕುಳಿಯಿದೆ, ಅಲ್ಲಿ ತಲೆಯಿಟ್ಟು ಮಲಗುತ್ತಿದ್ದನಂತೆ. ಯುರೋಪಿನ ಚಿತ್ರಗಳಲ್ಲಿ ಗಡ್ಡವಿಲ್ಲದ ಹುಡುಗನಾಗಿ ಕಾಣುವ ಯೋಹಾನ, ಗ್ರೀಕ್ ಐಕಾನ್‌ಗಳಲ್ಲಿ ಅಗಲ ಹಣೆಯ, ಬಿಳಿ ಗಡ್ಡದ ಅಜ್ಜ.

ಗುಹೆಗೂ, 1088ರಲ್ಲಿ ಸ್ಥಾಪನೆಯಾದ ಮೇಲಿನ ಮಠಕ್ಕೂ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಕ್ರೂಸ್ ಹಡಗು ಬಂದ ದಿನ ಗುಹೆಯೊಳಗೆ ನಿಲ್ಲಲೂ ಜಾಗ ಇರುವುದಿಲ್ಲ. ದ್ವೀಪದಲ್ಲೇ ರಾತ್ರಿ ಉಳಿದು, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ.