ಸರ್ವೋ ನಿಲ್ಲಿಸುವುದೇ ದೊಡ್ಡ ಕೆಲಸ

ಸರ್ವೋ ಡ್ರೈವ್ ಅಂದರೆ ಮೋಟರಿನ ವೇಗ ಮತ್ತು ಜಾಗವನ್ನು ಹಿಡಿತದಲ್ಲಿಡುವ ಸಾಧನ. ಆ ಡ್ರೈವ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಮೊದಲು ಕೇಳುವುದೇ ಟ್ಯೂನಿಂಗ್ ಬಗ್ಗೆ. ಗೇನ್ ಎಷ್ಟಿಡಬೇಕು ಸರ್, ಸದ್ದು ಬಂದರೆ ಏನು ಮಾಡಬೇಕು ಸರ್. ಅದೆಲ್ಲ ಆಮೇಲೆ ನೋಡೋಣಪ್ಪ, ಮೊದಲು ಈ ಮೋಟರನ್ನು ನಿಲ್ಲಿಸಿ ತೋರಿಸು ಅನ್ನುತ್ತೇನೆ. ಹೆಚ್ಚಿನವರು ಸೀದಾ ಎಮರ್ಜೆನ್ಸಿ ಬಟನ್‌ಗೆ ಕೈ ಹಾಕುತ್ತಾರೆ.

ನಿಲ್ಲಿಸುವುದರಲ್ಲೂ ಬಗೆಗಳಿವೆ. ಮಷೀನ್‌ಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1 ಮೂರು ಬಗೆ ಹೇಳುತ್ತದೆ. ಕೆಟಗರಿ 0 ಅಂದರೆ ತಕ್ಷಣ ಪವರ್ ಕಟ್. ಕೆಟಗರಿ 1 ಅಂದರೆ ವೇಗ ಇಳಿಸಿ ನಿಲ್ಲಿಸಿ, ಆಮೇಲೆ ಕಟ್. ಕೆಟಗರಿ 2ರಲ್ಲಿ ನಿಂತ ಮೇಲೂ ಪವರ್ ಇರುತ್ತದೆ, ಮೋಟರ್ ಜಾಗ ಹಿಡಿದು ನಿಂತಿರುತ್ತದೆ. ಎಮರ್ಜೆನ್ಸಿ ಸ್ಟಾಪ್‌ಗೆ 0 ಅಥವಾ 1 ಮಾತ್ರ ಆಗುತ್ತದೆ.

ಈಗಿನ ಡ್ರೈವ್‌ಗಳಲ್ಲಿ ಎಸ್‌ಟಿಒ ಅಂತ ಎರಡು ಚಾನೆಲ್‌ನ ಇನ್‌ಪುಟ್ ಇರುತ್ತದೆ, ಸೇಫ್ ಟಾರ್ಕ್ ಆಫ್. ಅದು ತೆರೆದರೆ ಮೋಟರ್‌ಗೆ ಕರೆಂಟ್ ಕೊಡುವ ಸ್ವಿಚ್‌ಗಳಾದ ಐಜಿಬಿಟಿಗಳಿಗೆ ಹೋಗುವ ಗೇಟ್ ಪಲ್ಸ್ ನಿಲ್ಲುತ್ತದೆ, ಮೋಟರ್‌ಗೆ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುವುದಿಲ್ಲ. ಅಷ್ಟೇ. ಅದು ಬ್ರೇಕ್ ಹಾಕುವುದಿಲ್ಲ. ವೇಗವಾಗಿ ತಿರುಗುತ್ತಿದ್ದ ಭಾರ ಸುಮ್ನೆ ಉರುಳಿಕೊಂಡು ಹೋಗುತ್ತದೆ. ಕರೆಂಟನ್ನೂ ಅದು ಬೇರ್ಪಡಿಸುವುದಿಲ್ಲ. ಎಸ್‌ಟಿಒ ಬಿದ್ದಿದೆ ಅಂತ ಮೋಟರ್ ಟರ್ಮಿನಲ್ ಬಿಚ್ಚಲು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿಜವಾದ ತಲೆನೋವು ಲಂಬವಾಗಿ ಮೇಲೆ ಕೆಳಗೆ ಓಡಾಡುವ ಭಾಗದ, ಅಂದರೆ ಆಕ್ಸಿಸ್‌ನದು. ಮೋಟರ್ ಹಿಂದೆ 24 ವೋಲ್ಟ್‌ನ ಹೋಲ್ಡಿಂಗ್ ಬ್ರೇಕ್ ಇರುತ್ತದೆ. ಕರೆಂಟ್ ಕೊಟ್ಟರೆ ಬಿಡುತ್ತದೆ, ತೆಗೆದರೆ ಹಿಡಿಯುತ್ತದೆ. ಹೆಸರೇ ಹೇಳುವಂತೆ ಅದು ನಿಂತದ್ದನ್ನು ಹಿಡಿಯುವುದಕ್ಕೆ, ಓಡುವುದನ್ನು ನಿಲ್ಲಿಸುವುದಕ್ಕಲ್ಲ. ಶುರು ಮಾಡುವಾಗ ಮೊದಲು ಮೋಟರ್ ಟಾರ್ಕ್ ಹಿಡಿಯಬೇಕು, ಆಮೇಲೆ ಬ್ರೇಕ್ ಬಿಡಬೇಕು. ನಿಲ್ಲಿಸುವಾಗ ಮೊದಲು ಬ್ರೇಕ್ ಹಿಡಿಯಬೇಕು, ಆಮೇಲೆ ಟಾರ್ಕ್ ಹೋಗಬೇಕು. ಬ್ರೇಕ್ ಹಿಡಿಯಲು ಹತ್ತಾರು ಮಿಲಿಸೆಕೆಂಡ್ ಬೇಕು, ದೊಡ್ಡದಕ್ಕೆ 100 ದಾಟುವುದೂ ಉಂಟು. ತಡೆಯೇ ಇಲ್ಲದೆ ಬೀಳುವ ವಸ್ತು 100 ಮಿಲಿಸೆಕೆಂಡಿನಲ್ಲಿ ಸುಮಾರು 5 ಸೆಂಟಿಮೀಟರ್ ಇಳಿಯುತ್ತದೆ. ಸ್ಕ್ರೂ ಮತ್ತು ಗೇರ್ ಇರುವಲ್ಲಿ ಅಷ್ಟು ಬೀಳುವುದಿಲ್ಲ, ನಿಜ. ಆದರೆ ಟೂಲ್ ಮತ್ತು ಅದು ಕೆಲಸ ಮಾಡುವ ವಸ್ತುವಾದ ಜಾಬ್ ನಡುವೆ ಇರುವ ಜಾಗ ಎಷ್ಟು ಹೇಳಿ?

ಹಾಗಾಗಿ ಆ ಆಕ್ಸಿಸ್‌ನ ಸ್ಲೈಡ್ ಕೆಳಗೆ, ಸಣ್ಣ ಚಲನೆಯನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ನಿಲ್ಲಿಸುತ್ತೇನೆ. ಸರ್ವೋ ಆಫ್. ಬ್ರೇಕ್ ಟಕ್ ಅನ್ನುತ್ತದೆ. ಮುಳ್ಳು ಒಂದೆರಡು ಗೆರೆ ಅಲುಗಿ ನಿಂತರೆ ಸರಿ. ಗಿರ್ರನೆ ಸುತ್ತಿದರೆ ಬ್ರೇಕ್ ಹಿಡಿಯುವ ಮೊದಲೇ ಟಾರ್ಕ್ ಹೋಗಿದೆ ಅಂತ ಅರ್ಥ. ಪ್ಯಾರಾಮೀಟರ್‌ನಲ್ಲಿ ಸರ್ವೋ ಆಫ್ ಡಿಲೇ, ಅಂದರೆ ಆಫ್ ಅಂದ ಮೇಲೂ ಟಾರ್ಕ್ ಉಳಿಯುವ ಹೊತ್ತು, ಜಾಸ್ತಿ ಮಾಡಬೇಕು. ಬ್ರೇಕ್ ಕಾಯಿಲ್‌ಗೆ ಅಡ್ಡಲಾಗಿ ಬರೀ ಡಯೋಡ್ ಹಾಕಿದ್ದರೆ ಅದನ್ನೂ ನೋಡಿ. ಡಯೋಡ್ ಇದ್ದರೆ ಕಾಯಿಲ್‌ನ ಕರೆಂಟ್ ನಿಧಾನವಾಗಿ ಸಾಯುತ್ತದೆ, ಬ್ರೇಕ್ ತಡವಾಗಿ ಹಿಡಿಯುತ್ತದೆ. ಅದರ ಬದಲು ವೋಲ್ಟೇಜ್ ಏರಿದಾಗ ಮಾತ್ರ ಕರೆಂಟ್ ಬಿಡುವ ವೇರಿಸ್ಟರ್ ಹಾಕಿದರೆ ಬೇಗ ಹಿಡಿಯುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಇದೇ ಪರೀಕ್ಷೆಯನ್ನು ಎಮರ್ಜೆನ್ಸಿ ಬಟನ್ ಒತ್ತಿಯೂ ಮಾಡಬೇಕು. ಯಾಕೆಂದರೆ ಬಟನ್ ನೇರವಾಗಿ ಎಸ್‌ಟಿಒಗೆ ಹೋಗಿದ್ದರೆ ಡಿಲೇ ಪ್ಯಾರಾಮೀಟರ್‌ಗೆ ಕೆಲಸವೇ ಇಲ್ಲ, ಟಾರ್ಕ್ ಆ ಕ್ಷಣಕ್ಕೇ ಹೋಗುತ್ತದೆ. ಅದಕ್ಕೇ ಎಸ್‌ಎಸ್1, ಅಂದರೆ ಸೇಫ್ ಸ್ಟಾಪ್ 1, ಇರುವುದು. ಬಟನ್ ಒತ್ತಿದ ತಕ್ಷಣ ಸೇಫ್ಟಿ ರಿಲೇ ಡ್ರೈವ್‌ಗೆ ನಿಲ್ಲು ಅನ್ನುತ್ತದೆ, ವೇಗ ಇಳಿಯುತ್ತದೆ, ಬ್ರೇಕ್ ಹಿಡಿಯುತ್ತದೆ, ರಿಲೇಯ ತಡವಾಗಿ ತೆರೆಯುವ ಕಾಂಟ್ಯಾಕ್ಟ್ ಆಮೇಲೆ ಎಸ್‌ಟಿಒ ಬೀಳಿಸುತ್ತದೆ. ಇಷ್ಟೆಲ್ಲ ಇದ್ದರೂ ಸ್ಲೈಡ್ ಕೆಳಗೆ ಕೈ ಇಡುವ ಮುಂಚೆ ಗಟ್ಟಿಯಾದ ಆಸರೆ ಕೊಡಲೇಬೇಕು. ಬ್ರೇಕ್ ಲೈನಿಂಗ್ ಮೇಲೆ ಎಣ್ಣೆ ಇಳಿದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ, ಅಲ್ವಾ?

ಶುರು ಮಾಡುವ ಕಡೆ ಇಷ್ಟು ಗೋಜಿಲ್ಲ. ಮೊದಲು ಕಂಟ್ರೋಲ್‌ನ 24 ವೋಲ್ಟ್, ಆಮೇಲೆ ಮೇನ್. ಎಮರ್ಜೆನ್ಸಿ ಬಟನ್ ಬಿಡಿಸಿ ರಿಸೆಟ್ ಮಾಡಿದರೆ ಮಷೀನ್ ತಾನಾಗಿ ಹೊರಡಬಾರದು, ಸ್ಟಾರ್ಟ್ ಬೇರೆಯಾಗಿಯೇ ಒತ್ತಬೇಕು. ಸರ್ವೋ ಆಫ್ ಇದ್ದಾಗ ಯಾರಾದರೂ ಆಕ್ಸಿಸನ್ನು ಕೈಯಲ್ಲಿ ತಳ್ಳಿರಬಹುದು. ಪಿಎಲ್‌ಸಿ, ಅಂದರೆ ಮಷೀನ್ ನಡೆಸುವ ಕಂಟ್ರೋಲರ್, ಹಳೆಯ ಜಾಗವನ್ನೇ ನೆನಪಿಟ್ಟುಕೊಂಡಿದ್ದರೆ ಆನ್ ಆದ ಕೂಡಲೇ ಆಕ್ಸಿಸ್ ಅಲ್ಲಿಗೆ ಜಿಗಿಯುತ್ತದೆ. ಆನ್ ಮಾಡುವ ಮುಂಚೆ ಈಗಿರುವ ಜಾಗವನ್ನೇ ಕಮಾಂಡ್‌ಗೆ ಬರೆಯುವಂತೆ ಪ್ರೋಗ್ರಾಂ ಇರಬೇಕು. ಮೊದಲ ಓಟಕ್ಕೆ ಟಾರ್ಕ್ ಲಿಮಿಟ್ ಇಳಿಸಿ, ಬಟನ್ ಒತ್ತಿದಷ್ಟು ಹೊತ್ತು ಮಾತ್ರ ಓಡುವ ಜಾಗ್ ಮೋಡ್‌ನಲ್ಲೇ ಓಡಿಸಿ. ಇನ್ನೊಂದು, ಮೇನ್ ಕಾಂಟ್ಯಾಕ್ಟರನ್ನು ಪದೇ ಪದೇ ಹಾಕಿ ತೆಗೆದು ಮಾಡಬೇಡಿ. ಪ್ರತಿ ಸಲವೂ ಕೆಪಾಸಿಟರ್ ತುಂಬುವ ಕರೆಂಟ್ ಪ್ರೀಚಾರ್ಜ್ ರೆಸಿಸ್ಟರ್ ಮೂಲಕವೇ ಹೋಗಬೇಕು, ಅದು ಸುಡುತ್ತದೆ.

ಪ್ಯಾನಲ್ ಒಳಗೆ ಕೈ ಹಾಕುವುದಾದರೆ ಐಸೊಲೇಟರ್ ಇಳಿಸಿ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿರಲಿ. 415 ವೋಲ್ಟ್ ಸಪ್ಲೈ ಇದ್ದರೆ ಡ್ರೈವ್ ಒಳಗೆ ಕೆಪಾಸಿಟರ್‌ಗಳಿರುವ ಡಿಸಿ ಬಸ್‌ನಲ್ಲಿ ಸುಮಾರು 587 ವೋಲ್ಟ್ ನಿಂತಿರುತ್ತದೆ. ಡ್ರೈವ್ ಮೇಲಿನ ಲೇಬಲ್ ಎಷ್ಟು ನಿಮಿಷ ಹೇಳುತ್ತದೋ ಅಷ್ಟು ಕಾಯಿರಿ. ಚಾರ್ಜ್ ಲ್ಯಾಂಪ್ ಆರಿದ್ದನ್ನು ನಂಬಬೇಡಿ, ಲ್ಯಾಂಪೇ ಕೆಟ್ಟಿರಬಹುದು. ಬಸ್‌ನ ಪ್ಲಸ್ ಮೈನಸ್ ನಡುವೆ ಮೀಟರ್ ಇಟ್ಟು ಅಳೆಯಿರಿ. ಅದಕ್ಕೂ ಮುಂಚೆ, ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಆ ಮೀಟರನ್ನೇ ಒಮ್ಮೆ ಪರೀಕ್ಷಿಸಿ.